ಅಮೆರಿಕದಲ್ಲಿ ಮದುವೆ: ಮಂಟಪಕ್ಕೂ ಮೊದಲು ಕೌಂಟಿ ಕಚೇರಿ

ಅಮೆರಿಕದ ಯಾವುದಾದರೂ ದೇವಸ್ಥಾನಕ್ಕೆ ಹೋಗಿ ಮದುವೆ ಮಾಡಿಸಿಕೊಡಿ ಅಂತ ಕೇಳಿ ನೋಡಿ. ಪುರೋಹಿತರು ಜಾತಕ ಕೇಳದೆ ಇರಬಹುದು, ಗೋತ್ರವನ್ನು ಧಾರೆ ಹೊತ್ತಿಗೆ ಕೇಳಬಹುದು. "ಲೈಸೆನ್ಸ್ ತಂದಿದ್ದೀರಾ?" ಅಂತ ಮಾತ್ರ ಮೊದಲೇ ಕೇಳುತ್ತಾರೆ. ನಮ್ಮ ಕಡೆ ಲೈಸೆನ್ಸ್ ಬೇಕಾಗುವುದು ಗಾಡಿ ಓಡಿಸಲು, ಅಂಗಡಿ ಇಡಲು. ಮದುವೆಗೂ ಲೈಸೆನ್ಸ್ ಬೇಕು ಅಂದರೆ ಊರಿನಿಂದ ಬಂದ ಅಪ್ಪ ಅಮ್ಮ ನಕ್ಕುಬಿಡುತ್ತಾರೆ.

ಊರಲ್ಲಿ ಮೊದಲು ಮದುವೆ. ಆಮೇಲೆ ಬಿಡುವಾದಾಗ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ನೋಂದಣಿ. ಇಲ್ಲಿ ತಿರುಗಾಮುರುಗಾ. ಮೊದಲು ಸರ್ಕಾರದ ಕಾಗದ, ಆಮೇಲೆ ತಾಳಿ. ಆ ಕಾಗದ ಕೈಯಲ್ಲಿಲ್ಲದೆ ಸಾವಿರ ಜನರ ಎದುರು ಅಕ್ಷತೆ ಹಾಕಿಸಿಕೊಂಡರೂ ಇಲ್ಲಿನ ಕಾನೂನಿನ ಲೆಕ್ಕಕ್ಕೆ ಆ ಮದುವೆ ಸಿಗುವುದು ಕಷ್ಟ.

ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬೇರೆ ಬೇರೆ. ಹಾಗಾಗಿ ಒಂದು ಜಾಗವನ್ನು ಹಿಡಿದು ಹೇಳುತ್ತೇನೆ. ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾ ಕೌಂಟಿ. ಸ್ಯಾನ್ ಹೋಸೆ, ಸನ್ನಿವೇಲ್, ಕುಪರ್ಟಿನೊ ಎಲ್ಲಾ ಇದರೊಳಗೇ ಬರುತ್ತವೆ, ಕನ್ನಡದವರಿಗೂ ಇಲ್ಲಿ ಬರವಿಲ್ಲ. ಬೇರೆ ರಾಜ್ಯದವರಿಗೆ ಬೇಕಾದ ವ್ಯತ್ಯಾಸಗಳನ್ನು ಮುಂದೆ ಬರೆದಿದ್ದೇನೆ.

ಕೌಂಟಿ ಅಂದರೆ ಯಾವುದು?

ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ. ಇಡೀ ಅಮೆರಿಕದಲ್ಲಿ ಇಂಥವು 3,100ಕ್ಕೂ ಜಾಸ್ತಿ ಇವೆ. ಕ್ಯಾಲಿಫೋರ್ನಿಯಾ ಒಂದರಲ್ಲೇ 58. ಲಾಸ್ ಏಂಜಲಿಸ್ ಕೌಂಟಿಯಲ್ಲಿ ಹತ್ತಿರ ಹತ್ತಿರ ಒಂದು ಕೋಟಿ ಜನ. ಬೆಟ್ಟದ ಮೇಲಿನ ಆಲ್ಪೈನ್ ಕೌಂಟಿಯಲ್ಲಿ ನಮ್ಮ ಒಂದು ಹಳ್ಳಿಯಷ್ಟು ಜನರೂ ಇಲ್ಲ. ಎರಡೂ ಕಡೆ ಮದುವೆ ಲೈಸೆನ್ಸ್ ಕೊಡುವುದು ಕೌಂಟಿ ಕ್ಲರ್ಕ್. ಕ್ಲರ್ಕ್ ಅಂದ ತಕ್ಷಣ ಗುಮಾಸ್ತರು ಅಂದುಕೊಳ್ಳಬೇಡಿ, ಅದು ಇಡೀ ಕಚೇರಿಯ ಮುಖ್ಯಸ್ಥರ ಹುದ್ದೆ. ಮದುವೆ ಆದಮೇಲೆ ಅದರ ದಾಖಲೆ ಇಟ್ಟುಕೊಳ್ಳುವವರು ರೆಕಾರ್ಡರ್. ಸಾಂಟಾ ಕ್ಲಾರಾದಲ್ಲಿ ಎರಡೂ ಒಂದೇ ಕಚೇರಿ.

ದೇಶಕ್ಕೆಲ್ಲಾ ಒಂದೇ ಮದುವೆ ದಾಖಲೆ ಪುಸ್ತಕ ಅಂತ ಇಲ್ಲಿ ಇಲ್ಲವೇ ಇಲ್ಲ. ರಾಜಧಾನಿ ವಾಷಿಂಗ್ಟನ್‌ಗೆ ಬರೆದರೆ ಏನೂ ಸಿಗದು. ಅದಕ್ಕೇ ಒಂದು ವಿಷಯ ಮನಸ್ಸಿನಲ್ಲಿಡಿ: ಲೈಸೆನ್ಸ್ ಕೊಟ್ಟದ್ದು ಯಾವ ಕೌಂಟಿಯೋ ದಾಖಲೆ ಇರುವುದು ಅಲ್ಲೇ. ಸನ್ನಿವೇಲ್‌ನಲ್ಲಿರುವ ನೀವು ಸಾಂಟಾ ಕ್ಲಾರಾದಲ್ಲಿ ಲೈಸೆನ್ಸ್ ತಗೊಂಡು ಲಿವರ್‌ಮೋರ್ ಶಿವ ವಿಷ್ಣು ದೇವಸ್ಥಾನದಲ್ಲಿ ಮದುವೆಯಾದಿರಿ ಅಂತ ಇಟ್ಟುಕೊಳ್ಳಿ. ಲಿವರ್‌ಮೋರ್ ಇರುವುದು ಅಲಮೀಡಾ ಕೌಂಟಿಯಲ್ಲಿ. ಮದುವೆ ಕಾನೂನುಬದ್ಧವೇ, ತೊಂದರೆಯಿಲ್ಲ. ಆದರೆ ಹತ್ತು ವರ್ಷದ ಮೇಲೆ ಕಾಪಿ ಬೇಕಾಗಿ ಅಲಮೀಡಾಕ್ಕೆ ಬರೆದರೆ "ಅಂಥ ದಾಖಲೆ ಇಲ್ಲ" ಅಂತ ಉತ್ತರ ಬರುತ್ತದೆ. ಗಂಡ ಹೆಂಡತಿ ಇಬ್ಬರೂ ಬೆಚ್ಚಿ ಬೀಳುತ್ತಾರೆ. ಹೀಗೆ ಗಾಬರಿಯಾದವರನ್ನು ನಾನು ನೋಡಿದ್ದೇನೆ.

ಊರಲ್ಲಿ ಮದುವೆ ಆಗಿದೆಯೇ?

ಕರ್ನಾಟಕದಲ್ಲಿ ಮದುವೆಯಾಗಿ ಬಂದವರು "ಇಲ್ಲೂ ಒಂದು ಸಲ ರಿಜಿಸ್ಟರ್ ಮಾಡಿಸಿಬಿಡೋಣ" ಅಂತ ಹೊರಡುತ್ತಾರೆ. ಬೇಡ. ಭಾರತದಲ್ಲಾದ ಮದುವೆಯನ್ನು ಕೌಂಟಿ ತನ್ನ ಪುಸ್ತಕಕ್ಕೆ ಸೇರಿಸಿಕೊಳ್ಳುವುದಿಲ್ಲ. ಊರಿನ ಸಬ್ ರಿಜಿಸ್ಟ್ರಾರ್ ಕೊಟ್ಟ ಸರ್ಟಿಫಿಕೇಟೇ ಇಲ್ಲೂ ನಡೆಯುತ್ತದೆ. ನೋಂದಣಿ ಮಾಡಿಸದೆ ಬಂದಿದ್ದರೆ ಅದನ್ನು ಮಾಡಿಸಬೇಕಾದ್ದು ಅಲ್ಲಿ, ಹಿಂದೂ ವಿವಾಹ ಕಾಯ್ದೆ ಅಥವಾ ನಿಮಗೆ ಅನ್ವಯವಾಗುವ ಕಾಯ್ದೆಯ ಕೆಳಗೆ. ಈಗಾಗಲೇ ಗಂಡ ಹೆಂಡತಿಯಾದವರಿಗೆ ಹೊಸ ಲೈಸೆನ್ಸ್ ಕೊಡುವುದಿಲ್ಲ ಅಂತ ಲಾಸ್ ಏಂಜಲಿಸ್‌ನಂಥ ಕೌಂಟಿಗಳು ನೇರವಾಗಿಯೇ ಹೇಳುತ್ತವೆ.

ಇದರ ಉಲ್ಟಾ ಕಥೆ ಇನ್ನೂ ಜಾಸ್ತಿ. ವೀಸಾ ಅವಸರಕ್ಕೆ ಇಲ್ಲಿ ಕೌಂಟಿ ಕಚೇರಿಯಲ್ಲಿ ಸದ್ದಿಲ್ಲದೆ ಮದುವೆ. ಆರು ತಿಂಗಳು ಬಿಟ್ಟು ಮೈಸೂರಿನ ಛತ್ರದಲ್ಲಿ ಬಂಧುಬಳಗದ ಎದುರು ಮತ್ತೊಂದು. ಮನೆಯವರಿಗೆ ಛತ್ರದ್ದೇ ಮದುವೆ, ಲಗ್ನಪತ್ರಿಕೆಯಲ್ಲಿ ಅಚ್ಚಾದದ್ದೂ ಅದೇ ದಿನಾಂಕ. ಕಾನೂನಿಗೆ ಮಾತ್ರ ಕೌಂಟಿಯ ದಿನಾಂಕವೇ ಮದುವೆಯ ದಿನಾಂಕ. ಎಚ್-4 (ಕೆಲಸದ ವೀಸಾದವರ ಸಂಗಾತಿಗೆ ಕೊಡುವ ವೀಸಾ), ಗ್ರೀನ್ ಕಾರ್ಡ್, ತೆರಿಗೆ, ಪಾಸ್‌ಪೋರ್ಟ್, ಎಲ್ಲದರಲ್ಲೂ ಅದನ್ನೇ ಬರೆಯಿರಿ. ಛತ್ರದ ಮದುವೆಯನ್ನು ಊರಲ್ಲಿ ಮತ್ತೆ ಬೇರೆ ದಿನಾಂಕಕ್ಕೆ ನೋಂದಾಯಿಸಲು ಹೋಗಬೇಡಿ. ಒಂದೇ ಜೋಡಿಗೆ ಎರಡು ದಿನಾಂಕದ ಎರಡು ಸರ್ಟಿಫಿಕೇಟ್ ಇದ್ದರೆ, ಇಮಿಗ್ರೇಷನ್ ಅಧಿಕಾರಿಯ ಎದುರು ಕೂತು ವಿವರಿಸುವಾಗ ಬೆವರು ಬರುತ್ತದೆ.

ಎರಡು ಬಗೆಯ ಲೈಸೆನ್ಸ್

ಕ್ಯಾಲಿಫೋರ್ನಿಯಾದಲ್ಲಿ ಪಬ್ಲಿಕ್ ಲೈಸೆನ್ಸ್ ಒಂದು, ಕಾನ್ಫಿಡೆನ್ಶಿಯಲ್ ಲೈಸೆನ್ಸ್ ಇನ್ನೊಂದು.

ಪಬ್ಲಿಕ್ ಆದರೆ ಕನಿಷ್ಠ ಒಬ್ಬ ಸಾಕ್ಷಿಯ ಸಹಿ ಬೇಕು. ದಾಖಲೆ ಸಾರ್ವಜನಿಕ. ಕಾನ್ಫಿಡೆನ್ಶಿಯಲ್‌ಗೆ ಸಾಕ್ಷಿ ಬೇಡ, ದಾಖಲೆಯ ಕಾಪಿಯನ್ನು ಗಂಡ ಹೆಂಡತಿ ಬಿಟ್ಟರೆ ಬೇರೆಯವರು ಕೋರ್ಟ್ ಆದೇಶವಿಲ್ಲದೆ ಪಡೆಯುವಂತಿಲ್ಲ. ಅದನ್ನು ತಗೊಳ್ಳಬೇಕಾದರೆ ಇಬ್ಬರಿಗೂ 18 ತುಂಬಿರಬೇಕು, ಜೊತೆಗೆ ಆಗಲೇ ದಂಪತಿಯಂತೆ ಒಟ್ಟಿಗೆ ವಾಸವಾಗಿದ್ದೇವೆ ಅಂತ ಪ್ರಮಾಣ ಮಾಡಿ ಸಹಿ ಹಾಕಬೇಕು. ಒಬ್ಬರು ಸನ್ನಿವೇಲ್, ಒಬ್ಬರು ಸಿಯಾಟಲ್ ಆಗಿದ್ದರೆ ಆ ಸಹಿ ಸುಳ್ಳು ಸಹಿಯಾಗುತ್ತದೆ.

ನನ್ನನ್ನು ಕೇಳಿದರೆ ಪಬ್ಲಿಕ್ ಲೈಸೆನ್ಸೇ ಸಲೀಸು. ನೀವು ದೂರದಲ್ಲಿದ್ದಾಗ ಅಪ್ಪ ಅಮ್ಮನೋ ಅಣ್ಣ ತಂಗಿಯೋ ನಿಮ್ಮ ಪರವಾಗಿ ಕಾಪಿ ತೆಗೆಸಿಕೊಡಬಹುದು.

ಫಾರ್ಮಿನಲ್ಲಿ ಹೆಸರು

ಹೆಚ್ಚಿನ ಕೌಂಟಿಗಳಲ್ಲಿ ಅರ್ಜಿಯನ್ನು ಆನ್‌ಲೈನ್‌ನಲ್ಲಿ ತುಂಬಿ, ಅಪಾಯಿಂಟ್‌ಮೆಂಟ್ ತಗೊಂಡು, ಆಮೇಲೆ ಕಚೇರಿಗೆ ಹೋಗುವುದು. ತುಂಬುವುದಕ್ಕೆ ಅರ್ಧ ಗಂಟೆ ಸಾಕು. ಆದರೆ ಕನ್ನಡದವರು ಎಡವುವುದೆಲ್ಲಾ ಈ ಅರ್ಧ ಗಂಟೆಯಲ್ಲೇ, ಅದರಲ್ಲೂ ಹೆಸರಿನ ಕಾಲಂನಲ್ಲಿ.

ಇಲ್ಲಿನ ಫಾರ್ಮಿಗೆ ಮೂರು ತುಂಡು ಬೇಕು. ಮೊದಲ ಹೆಸರು, ನಡುವಿನ ಹೆಸರು, ಕೊನೆಯ ಹೆಸರು. ನಮಗೋ ಇನಿಶಿಯಲ್ ಉಂಟು, ಊರ ಹೆಸರುಂಟು, ಅಪ್ಪನ ಹೆಸರುಂಟು, ಅಡ್ಡಹೆಸರು ಕೆಲವರಿಗೆ ಮಾತ್ರ. ಪಾಸ್‌ಪೋರ್ಟಿನ ಸರ್‌ನೇಮ್ ಜಾಗ ಖಾಲಿ ಬಿಟ್ಟು ಬಂದವರ ಅಮೆರಿಕನ್ ವೀಸಾದಲ್ಲಿ ಇಡೀ ಹೆಸರು ಕೊನೆಯ ಹೆಸರಾಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಅಂತ ಬಂದಿರುತ್ತದೆ. ಮೊದಲ ಹೆಸರು ಗೊತ್ತಿಲ್ಲ ಅನ್ನುವುದಕ್ಕೆ ಅವರಿಟ್ಟ ಗುರುತು ಅದು. ಅದೇ ಡ್ರೈವಿಂಗ್ ಲೈಸೆನ್ಸಿಗೂ ಇಳಿದು, ಎಫ್‌ಎನ್‌ಯು ಅನ್ನುವುದನ್ನೇ ಹೆಸರು ಅಂದುಕೊಂಡು ಆಸ್ಪತ್ರೆಯಲ್ಲಿ ಕೂಗುವುದೂ ಉಂಟು.

ನೀವು ಮಾಡಬೇಕಾದ್ದು ಇಷ್ಟು. ಯಾವ ಗುರುತಿನ ಚೀಟಿ ತೋರಿಸುತ್ತೀರೋ ಅದರಲ್ಲಿ ಇರುವಂತೆಯೇ ಹೆಸರು ಬರೆಯಿರಿ. ಪಾಸ್‌ಪೋರ್ಟ್ ಒಂದು ಥರ, ಡ್ರೈವಿಂಗ್ ಲೈಸೆನ್ಸ್ ಒಂದು ಥರ ಇದ್ದರೆ ಪಾಸ್‌ಪೋರ್ಟನ್ನೇ ಹಿಡಿಯಿರಿ. ಮುಂದೆ ಈ ಸರ್ಟಿಫಿಕೇಟನ್ನು ಹೋಲಿಸಿ ನೋಡುವುದು ಹೆಚ್ಚಾಗಿ ಪಾಸ್‌ಪೋರ್ಟ್ ಜೊತೆಗೇ.

ಇನ್ನು ಅಮ್ಮನ ಹೆಸರು. ಇಬ್ಬರ ತಂದೆ ತಾಯಿಯ ಪೂರ್ತಿ ಹೆಸರು ಮತ್ತು ಹುಟ್ಟಿದ ದೇಶ ಕೇಳುತ್ತಾರೆ. ತಾಯಿಯದ್ದು ಹುಟ್ಟಿನಿಂದ ಬಂದ ಹೆಸರು, ಅಂದರೆ ತವರಿನ ಹೆಸರು ಬೇಕು. ಕೌಂಟರಿನಲ್ಲಿ ನಿಂತು, ಊರಲ್ಲಿ ರಾತ್ರಿ ಒಂದು ಗಂಟೆಯಾಗಿರುವಾಗ ಫೋನ್ ಮಾಡಿ "ಅಮ್ಮಾ, ಮದುವೆಗೆ ಮುಂಚೆ ನಿನ್ನ ಹೆಸರು ಏನಂತ ಬರೀತಿದ್ರು?" ಅಂತ ಕೇಳುವ ಬದಲು, ಅದನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ. ಅಮ್ಮನ ಪಾಸ್‌ಪೋರ್ಟಿನಲ್ಲಿ ಒಂದು, ನಿಮ್ಮ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಇನ್ನೊಂದು ಇದ್ದರೆ ಯಾವುದು ಅಂತ ಇಬ್ಬರೂ ಕೂತು ನಿರ್ಧರಿಸಿ.

ಮದುವೆಯ ನಂತರದ ಹೊಸ ಹೆಸರಿಗೆ ಬೇರೆ ಕಾಲಂ ಇದೆ. 2009ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಗಂಡು ಹೆಣ್ಣು ಅನ್ನದೆ ಇಬ್ಬರಿಗೂ ಈ ಅವಕಾಶ ಉಂಟು. ಸಂಗಾತಿಯ ಕೊನೆಯ ಹೆಸರನ್ನು ಇಟ್ಟುಕೊಳ್ಳಬಹುದು, ಎರಡನ್ನೂ ಸೇರಿಸಬಹುದು, ನಡುವಿನ ಹೆಸರನ್ನೂ ಬದಲಿಸಬಹುದು. ಮೊದಲ ಹೆಸರು ಬದಲಿಸಲು ಮಾತ್ರ ಆಗದು. ಕರಾವಳಿಯ ಕೊಂಕಣಿ ಮನೆಗಳಲ್ಲಿ ವರನು ಅಕ್ಕಿಯ ಮೇಲೆ ವಧುವಿಗೆ ಹೊಸ ಹೆಸರು ಬರೆಯುವ ಪದ್ಧತಿ ಇದೆಯಲ್ಲ, ಆ ಹೆಸರನ್ನು ಈ ಫಾರ್ಮಿಗೆ ತರಲು ಬರುವುದಿಲ್ಲ. ಅದಕ್ಕೆ ಕೋರ್ಟೇ ಗತಿ.

ಕಾಲಂ ಖಾಲಿ ಬಿಟ್ಟರೆ ಹೆಸರು ಇದ್ದಂತೆಯೇ ಇರುತ್ತದೆ. ಬದಲಿಸಿದರೆ ಸೋಶಿಯಲ್ ಸೆಕ್ಯುರಿಟಿ, ಡಿಎಂವಿ (ಡ್ರೈವಿಂಗ್ ಲೈಸೆನ್ಸ್ ಕೊಡುವ ಕಚೇರಿ), ಭಾರತೀಯ ಪಾಸ್‌ಪೋರ್ಟ್, ವೀಸಾ, ಬ್ಯಾಂಕ್ ಅಂತ ಸಾಲಾಗಿ ಎಲ್ಲಾ ಕಡೆ ಬದಲಿಸುತ್ತಾ ಹೋಗಬೇಕು. ಬೇಕು ಅಂತ ಅನ್ನಿಸಿದರೆ ಮಾಡಿ. "ಫಾರ್ಮಿನಲ್ಲಿ ಜಾಗ ಇದೆ" ಅಂತ ಸುಮ್ನೆ ತುಂಬಬೇಡಿ. ಮದುವೆ ಮುಗಿದ ಮೇಲೆ "ಅಯ್ಯೋ, ಹೊಸ ಹೆಸರು ಹಾಕಬೇಕಿತ್ತು" ಅಂದರೂ ಈ ಕಾಗದವನ್ನು ತಿದ್ದಿ ಸೇರಿಸಿಕೊಡುವುದಿಲ್ಲ.

ಕೌಂಟರಿನ ಮುಂದೆ

ಇಬ್ಬರೂ ಒಟ್ಟಿಗೆ ಹೋಗಬೇಕು. ಫೋಟೊ ಇರುವ, ಅವಧಿ ಮುಗಿಯದ, ಸರ್ಕಾರ ಕೊಟ್ಟ ಗುರುತಿನ ಚೀಟಿ ಸಾಕು. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ. ಅಮೆರಿಕದ ಪ್ರಜೆಯಾಗಿರಬೇಕಿಲ್ಲ, ಆ ಕೌಂಟಿಯಲ್ಲಿ ವಾಸವಾಗಿರಬೇಕೂ ಇಲ್ಲ. ರಕ್ತಪರೀಕ್ಷೆ ಇಲ್ಲ. ವಿಶೇಷ ವಿವಾಹ ಕಾಯ್ದೆಯ ಕೆಳಗೆ ನಮ್ಮಲ್ಲಿ 30 ದಿನ ನೋಟಿಸ್ ಹಾಕುತ್ತಾರಲ್ಲ, ಅಂಥ ಕಾಯುವಿಕೆಯೂ ಕ್ಯಾಲಿಫೋರ್ನಿಯಾದಲ್ಲಿ ಇಲ್ಲ. ಬೆಳಿಗ್ಗೆ ಲೈಸೆನ್ಸ್ ತಗೊಂಡು ಮಧ್ಯಾಹ್ನ ಮದುವೆಯಾಗಬಹುದು.

ಮೊದಲು ಮದುವೆಯಾಗಿ ವಿಚ್ಛೇದನ ಆಗಿದ್ದರೆ, ಅದು ಅಂತಿಮವಾದ ದಿನಾಂಕ ಖಚಿತವಾಗಿ ಗೊತ್ತಿರಬೇಕು. ಇತ್ತೀಚಿನದಾದರೆ ಕೆಲವು ಕೌಂಟಿಗಳು ತೀರ್ಪಿನ ಪ್ರತಿಯನ್ನೇ ಕೇಳುತ್ತವೆ. ತೀರ್ಪು ಕನ್ನಡದಲ್ಲಿದ್ದರೆ ಇಂಗ್ಲಿಷ್ ಅನುವಾದ ಮಾಡಿಸಿ ಇಟ್ಟುಕೊಂಡು ಹೋಗಿ.

ಶುಲ್ಕ ಕೌಂಟಿಯಿಂದ ಕೌಂಟಿಗೆ ಬದಲಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಸಾಮಾನ್ಯವಾಗಿ 100 ಡಾಲರ್ ಆಸುಪಾಸು. ಹಣ ಕಟ್ಟುವ ಮೊದಲು ಅವರು ಒಂದು ಅಚ್ಚು ಪ್ರತಿ ಕೊಟ್ಟು "ಓದಿ ನೋಡಿ" ಅನ್ನುತ್ತಾರೆ. ಆಗ ಮೊಬೈಲ್ ಪಕ್ಕಕ್ಕಿಟ್ಟು ಒಂದೊಂದು ಅಕ್ಷರ ಓದಿ. ನಿಮ್ಮದನ್ನು ನಿಮ್ಮ ಸಂಗಾತಿ, ಸಂಗಾತಿಯದ್ದನ್ನು ನೀವು. ನಮ್ಮ ಹೆಸರಿನ ಸ್ಪೆಲ್ಲಿಂಗ್‌ಗೆ ನಮ್ಮ ಕಣ್ಣು ಒಗ್ಗಿಹೋಗಿ ತಪ್ಪು ಕಾಣುವುದಿಲ್ಲ.

90 ದಿನ, ಆಷಾಢ, ಮುಹೂರ್ತ

ಲೈಸೆನ್ಸಿನ ಆಯಸ್ಸು 90 ದಿನ. ಅಷ್ಟರೊಳಗೆ ಮದುವೆ ಆಗದಿದ್ದರೆ ಅದು ರದ್ದಿ. ಹೊಸದಾಗಿ ಅರ್ಜಿ, ಹೊಸದಾಗಿ ಹಣ. ಕೌಂಟಿಗೆ ಆಷಾಢ ಗೊತ್ತಿಲ್ಲ. ಮೇ ಮೊದಲ ವಾರದಲ್ಲಿ ಲೈಸೆನ್ಸ್ ತಗೊಂಡು ಆಷಾಢ ಕಳೆಯಲಿ ಅಂತ ಕಾದರೆ, ಶ್ರಾವಣ ಬರುವಷ್ಟರಲ್ಲಿ ಅವಧಿ ಮುಗಿಯುತ್ತಾ ಬಂದಿರುತ್ತದೆ. ಮುಹೂರ್ತ ಮೊದಲು ನಿಶ್ಚಯಿಸಿ. ಅದಕ್ಕೆ ಮೂರು ನಾಲ್ಕು ವಾರ ಇರುವಾಗ ಕೌಂಟಿಗೆ ಹೋಗುವುದು ಹದವಾದ ಲೆಕ್ಕ.

ನಿಶ್ಚಿತ ವರ ಅಥವಾ ವಧುವಾಗಿ ಕೆ-1 ವೀಸಾದಲ್ಲಿ ಬಂದವರಿಗೂ ಒಂದು 90 ದಿನದ ಗಡುವು ಇದೆ. ಅದನ್ನು ಎಣಿಸುವುದು ದೇಶದೊಳಗೆ ಕಾಲಿಟ್ಟ ದಿನದಿಂದ. ಎರಡನ್ನೂ ಬೆರೆಸಿಕೊಂಡು ಲೆಕ್ಕ ತಪ್ಪಬೇಡಿ.

ಬೆಳಗಿನ ಜಾವದ ಮುಹೂರ್ತವಾದರೆ ಇನ್ನೊಂದು ಕಿರಿಕಿರಿ. ಪಂಚಾಂಗದಲ್ಲಿ ಸೂರ್ಯ ಹುಟ್ಟುವ ತನಕ ಹಿಂದಿನ ದಿನವೇ. ಕೌಂಟಿಗೆ ರಾತ್ರಿ 12ಕ್ಕೆ ದಿನ ಬದಲು. ಕಾಗದದಲ್ಲಿ ಬರೆಯುವುದು ಕೌಂಟಿಯ ಲೆಕ್ಕದ ತಾರೀಖು, ಅದನ್ನು ಪುರೋಹಿತರಿಗೆ ಮೊದಲೇ ಹೇಳಿಡಿ.

ಮದುವೆಯ ದಿನ: ಯಾರ ಸಹಿ, ಎಲ್ಲಿ

ಕ್ಯಾಲಿಫೋರ್ನಿಯಾದಲ್ಲಿ ಯಾವುದೇ ಧರ್ಮದ ಪುರೋಹಿತರು, ಪಾದ್ರಿಗಳು 18 ತುಂಬಿದ್ದರೆ ಮದುವೆ ಮಾಡಿಸಬಹುದು. ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕಿಲ್ಲ. ಎಲ್ಲಾ ಕಡೆ ಹೀಗಿಲ್ಲ. ಒಹಾಯೊ ರಾಜ್ಯದಲ್ಲಿ ಪುರೋಹಿತರಿಗೂ ಒಂದು ಲೈಸೆನ್ಸ್ ಬೇಕು. ನ್ಯಾಯಾಧೀಶರು, ಕೌಂಟಿಯ ವಿವಾಹಾಧಿಕಾರಿಗಳು ಮಾಡಿಸಿದರೂ ಸರಿ. ಕೆಲವು ಕೌಂಟಿಗಳಲ್ಲಿ ನಿಮ್ಮ ಗೆಳೆಯರೊಬ್ಬರನ್ನು ಒಂದು ದಿನದ ಮಟ್ಟಿಗೆ ವಿವಾಹಾಧಿಕಾರಿ ಮಾಡಿಸಿಕೊಳ್ಳುವ ಏರ್ಪಾಡೂ ಇದೆ.

ಪಬ್ಲಿಕ್ ಲೈಸೆನ್ಸಿನಲ್ಲಿ ಸಾಕ್ಷಿಗಳಿಗೆ ಜಾಗ ಎರಡೇ. ಒಬ್ಬರು ಕಡ್ಡಾಯ, ಇನ್ನೊಬ್ಬರು ನಿಮ್ಮಿಷ್ಟ. ಸೋದರಮಾವ ಒಬ್ಬರು, ದೊಡ್ಡಪ್ಪ ಒಬ್ಬರು ಅಂತ ಮೊದಲೇ ಹಂಚಿಬಿಡಿ. ಮಂಟಪದಲ್ಲಿ ಆ ಚರ್ಚೆ ಶುರುವಾದರೆ ಮುಹೂರ್ತ ಮೀರುತ್ತದೆ.

ಕಾಗದವನ್ನು ಮಂಟಪದ ಹತ್ತಿರ ತರಲೇಬೇಡಿ. ಅರಿಶಿನ, ಕುಂಕುಮ, ತುಪ್ಪ, ತೆಂಗಿನಕಾಯಿ ನೀರು, ಎಲ್ಲಾ ಇರುವ ಜಾಗ ಅದು. ಕಲೆಯಾದರೆ, ಅಕ್ಷರ ಹೊಡೆದು ಹಾಕಿದ್ದರೆ, ವೈಟ್‌ನರ್ ಹಚ್ಚಿದ್ದರೆ ರೆಕಾರ್ಡರ್ ಅದನ್ನು ವಾಪಸ್ ಕಳಿಸಬಹುದು. ಊಟಕ್ಕೆ ಮುಂಚೆ ಒಂದು ಮೇಜಿನ ಮೇಲೆ, ಕೈ ತೊಳೆದುಕೊಂಡು, ಕಪ್ಪು ಶಾಯಿಯ ಪೆನ್ನಿನಲ್ಲಿ ಸಹಿ ಹಾಕಿಸಿ. ಪುರೋಹಿತರು ತಮ್ಮ ಹೆಸರು, ವಿಳಾಸ, ಮದುವೆಯ ದಿನಾಂಕ ಮತ್ತು ಜಾಗ ಬರೆಯಬೇಕು. ಜಾಗ ಅಂದಾಗ ಲಿವರ್‌ಮೋರ್ ಅಂತಲೂ ಅಲಮೀಡಾ ಕೌಂಟಿ ಅಂತಲೂ ಬರೆಯಬೇಕಾಗುತ್ತದೆ. ಲೈಸೆನ್ಸ್ ಕೊಟ್ಟ ಕೌಂಟಿ ಬೇರೆ ಅನ್ನುವ ಗೊಂದಲಕ್ಕೆ ಬಿದ್ದು ಇಲ್ಲಿ ತಪ್ಪು ಮಾಡುವವರು ಬಹಳ.

ಸಹಿಯಾದ ಕಾಗದವನ್ನು 10 ದಿನದೊಳಗೆ ಲೈಸೆನ್ಸ್ ಕೊಟ್ಟ ಕೌಂಟಿಗೆ ತಲುಪಿಸುವುದು ಕಾನೂನಿನ ಪ್ರಕಾರ ಮದುವೆ ಮಾಡಿಸಿದವರ ಕೆಲಸ. ಆದರೆ ಅದೇ ವಾರ ಅವರಿಗೆ ಇನ್ನೂ ಎರಡು ಮದುವೆ, ಒಂದು ಗೃಹಪ್ರವೇಶ ಇರುತ್ತದೆ. ವಿಳಾಸ ಬರೆದು ಸ್ಟ್ಯಾಂಪ್ ಅಂಟಿಸಿದ ಕವರನ್ನು ನೀವೇ ಅವರ ಕೈಗೆ ಕೊಡಿ. ಕಳಿಸುವ ಮುಂಚೆ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಒಂದು ವಾರ ಬಿಟ್ಟು ಮೆಲ್ಲಗೆ ವಿಚಾರಿಸಿ. ದಾರಿಯಲ್ಲಿ ಕಳೆದುಹೋದರೆ ಡೂಪ್ಲಿಕೇಟ್ ಲೈಸೆನ್ಸ್ ಮಾಡಿಸಬಹುದು, ಆದರೆ ಅದು ಮದುವೆಯಾದ ಒಂದು ವರ್ಷದೊಳಗೆ ಆಗಬೇಕು.

ಕಾಪಿ ತಾನಾಗಿ ಮನೆಗೆ ಬರುವುದಿಲ್ಲ

ಕಾಗದ ಕೌಂಟಿಗೆ ಹೋಯಿತು, ಇನ್ನು ಸರ್ಟಿಫಿಕೇಟ್ ಅಂಚೆಯಲ್ಲಿ ಬರುತ್ತದೆ ಅಂತ ಕಾಯುತ್ತಾ ಕೂರುವವರಿದ್ದಾರೆ. ಬರುವುದಿಲ್ಲ. ನೋಂದಣಿ ಆಗಲು ಕೆಲವು ವಾರ ಬಿಟ್ಟು ನೀವೇ ಹಣ ಕಟ್ಟಿ ಸರ್ಟಿಫೈಡ್ ಕಾಪಿ ತೆಗೆಸಬೇಕು. ಒಂದಕ್ಕೆ ಸುಮಾರು 20 ಡಾಲರ್. ದೇವಸ್ಥಾನದವರು ಕೊಡುವ ಗಣಪತಿ ಚಿತ್ರದ ಸರ್ಟಿಫಿಕೇಟ್ ಚೌಕಟ್ಟು ಹಾಕಿಸಲು ಚೆನ್ನಾಗಿರುತ್ತದೆ. ವೀಸಾ ಕಚೇರಿಯಲ್ಲಿ ಅದಕ್ಕೆ ಬೆಲೆಯಿಲ್ಲ.

ಕಾಪಿಯಲ್ಲೂ ಎರಡು ಥರ. ಅಧಿಕೃತ ಕಾಪಿಯನ್ನು ಗಂಡ, ಹೆಂಡತಿ, ಅವರ ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು, ವಕೀಲರು, ಹೀಗೆ ಕೆಲವರಿಗೆ ಮಾತ್ರ ಕೊಡುತ್ತಾರೆ. ಮಾಹಿತಿ ಕಾಪಿಯನ್ನು ಯಾರು ಬೇಕಾದರೂ ಕೇಳಬಹುದು, ಆದರೆ ಗುರುತಿನ ದಾಖಲೆಯಾಗಿ ಇದು ಸಲ್ಲದು ಅಂತ ಅದರ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗಿರುತ್ತದೆ. ನಿಮಗೆ ಬೇಕಾದದ್ದು ಮೊದಲನೆಯದು. ಅದನ್ನು ಪಡೆಯುವ ಹಕ್ಕು ನಿಮಗಿದೆ ಅಂತ ಪ್ರಮಾಣ ಮಾಡುವ ಹಾಳೆಗೆ, ನೇರವಾಗಿ ಹೋದರೆ ಕೌಂಟರಿನಲ್ಲೇ ಸಹಿ. ಅಂಚೆಯಲ್ಲಾದರೆ ಅದನ್ನು ನೋಟರಿ ಮುಂದೆ ಸಹಿ ಮಾಡಿ ಲಗತ್ತಿಸಬೇಕು.

ಮೂರು ಕಾಪಿ ಒಟ್ಟಿಗೆ ತೆಗೆಸಿಬಿಡಿ. ಒಂದು ಇಮಿಗ್ರೇಷನ್‌ಗೆ, ಒಂದು ಭಾರತದ ಕೆಲಸಕ್ಕೆ, ಒಂದು ಮನೆಯಲ್ಲಿ. ಬೆಂಗಳೂರಿಗೆ ವಾಪಸ್ ಹೋದಮೇಲೆ ಅಲ್ಲಿಂದ ನೋಟರಿ ಮಾಡಿಸಿ ತರಿಸುವುದು ದೊಡ್ಡ ತಲೆನೋವು.

ಭಾರತದಲ್ಲಿ ತೋರಿಸಬೇಕಾದರೆ

ಅಮೆರಿಕ, ಭಾರತ ಎರಡೂ ಹೇಗ್ ಅಪಾಸ್ಟಿಲ್ ಒಪ್ಪಂದದಲ್ಲಿವೆ. ಭಾರತ ಸೇರಿದ್ದು 2005ರಲ್ಲಿ. ಅಪಾಸ್ಟಿಲ್ ಅಂದರೆ ಈ ಕಾಗದದ ಸಹಿ ಮತ್ತು ಮುದ್ರೆ ಅಸಲಿ ಅಂತ ಹೇಳುವ ಇನ್ನೊಂದು ಕಾಗದ. ಕೌಂಟಿಯ ಸರ್ಟಿಫೈಡ್ ಕಾಪಿಗೆ ಅದನ್ನು ಕೊಡುವುದು ಆಯಾ ರಾಜ್ಯದ ಸೆಕ್ರೆಟರಿ ಆಫ್ ಸ್ಟೇಟ್ ಕಚೇರಿ. ಕ್ಯಾಲಿಫೋರ್ನಿಯಾದವರು ಸ್ಯಾಕ್ರಮೆಂಟೊಗೆ ಕಳಿಸಬೇಕು. ಫೋಟೊಕಾಪಿಗೆ ಅಪಾಸ್ಟಿಲ್ ಹಾಕಿಸಲು ಹೋಗಬೇಡಿ, ಕೌಂಟಿ ಕೊಟ್ಟ ಅಸಲು ಕಾಪಿಯೇ ಬೇಕು.

ಸಂಗಾತಿಯ ಆಧಾರದ ಮೇಲೆ ಒಸಿಐ ಕಾರ್ಡಿಗೆ (ವಿದೇಶಿ ಪ್ರಜೆಗಳು ವೀಸಾ ಇಲ್ಲದೆ ಬಂದು ಇರಲು ಭಾರತ ಕೊಡುವ ಕಾರ್ಡು) ಅರ್ಜಿ ಹಾಕುವವರಿಗೆ ಮದುವೆ ನೋಂದಣಿಯಾಗಿ ಎರಡು ವರ್ಷ ತುಂಬಿರಬೇಕು ಅನ್ನುವ ನಿಯಮವಿದೆ. ಕೌಂಟಿಗೆ ಕಾಗದ ತಲುಪಿಸಲು ಅಸಡ್ಡೆ ಮಾಡಿದರೆ ಅದರ ಬಿಸಿ ಇಲ್ಲಿ ತಟ್ಟುತ್ತದೆ.

ಬೇರೆ ರಾಜ್ಯದಲ್ಲಿದ್ದರೆ

ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಸಿಕ್ಕಿದ ಮೇಲೆ 72 ಗಂಟೆ ಕಾಯಬೇಕು. ವಾಷಿಂಗ್ಟನ್ ರಾಜ್ಯದಲ್ಲಿ ಮೂರು ದಿನ ಕಾಯಬೇಕು, ಆಯಸ್ಸು 60 ದಿನ. ನ್ಯೂಯಾರ್ಕ್‌ನಲ್ಲಿ 24 ಗಂಟೆ ಕಾಯಬೇಕು, ಆಯಸ್ಸು ಅಲ್ಲೂ 60 ದಿನ. ಅಲ್ಲಿ ಕೌಂಟಿಯ ಬದಲು ಊರಿನ ಅಥವಾ ನಗರದ ಕ್ಲರ್ಕ್ ಹತ್ತಿರ ಹೋಗಬೇಕು. ನ್ಯೂಜೆರ್ಸಿಯ ಎಡಿಸನ್ ಕಡೆಯವರಿಗೂ ಹಾಗೆಯೇ, ಲೈಸೆನ್ಸ್ ಕೊಡುವುದು ಪುರಸಭೆಯ ರಿಜಿಸ್ಟ್ರಾರ್, ಜೊತೆಗೆ 72 ಗಂಟೆಯ ಕಾಯುವಿಕೆ.

ಇಲಿನಾಯ್ ರಾಜ್ಯದವರು ಜಾಸ್ತಿ ಎಚ್ಚರ ಇಟ್ಟುಕೊಳ್ಳಬೇಕು. ಅಲ್ಲಿ ಲೈಸೆನ್ಸ್ ಕೊಟ್ಟ ಕೌಂಟಿಯೊಳಗೇ ಮದುವೆ ಆಗಬೇಕು, ಅದೂ ಮಾರನೆ ದಿನದಿಂದ. ಮನೆ ಡುಪೇಜ್ ಕೌಂಟಿಯ ನೇಪರ್‌ವಿಲ್‌ನಲ್ಲಿದ್ದು ಮದುವೆ ಶಿಕಾಗೊ ನಗರದಲ್ಲಾದರೆ ಲೈಸೆನ್ಸ್ ಕುಕ್ ಕೌಂಟಿಯದ್ದೇ ಬೇಕು. ನೆವಾಡದ ಲಾಸ್ ವೇಗಸ್ ಇದೆಲ್ಲಕ್ಕೂ ತದ್ವಿರುದ್ಧ. ಅಲ್ಲಿನ ಕ್ಲಾರ್ಕ್ ಕೌಂಟಿಯ ಲೈಸೆನ್ಸ್ ಕಚೇರಿ ಮಧ್ಯರಾತ್ರಿಯವರೆಗೆ ತೆರೆದಿರುತ್ತದೆ, ಕಾಯಬೇಕಿಲ್ಲ, ಲೈಸೆನ್ಸ್ ಒಂದು ವರ್ಷ ಬಾಳುತ್ತದೆ.

ಲೂಯಿಸಿಯಾನಾದಲ್ಲಿ ಕೌಂಟಿಗೆ ಪ್ಯಾರಿಷ್ ಅನ್ನುತ್ತಾರೆ. ದಾಖಲೆ ಹುಡುಕುವಾಗ ಈ ಹೆಸರು ಗೊತ್ತಿರಲಿ.

ಹಳೆಯ ದಾಖಲೆ ಹುಡುಕುವುದು

ನಿಮ್ಮ ದೊಡ್ಡಪ್ಪ 1970ರ ದಶಕದಲ್ಲಿ ಓದಲು ಬಂದು ಇಲ್ಲೇ ಮದುವೆಯಾದರು. ಸರ್ಟಿಫಿಕೇಟ್ ಎಲ್ಲೂ ಸಿಗುತ್ತಿಲ್ಲ, ಆಸ್ತಿ ವಿಚಾರಕ್ಕೋ ಪಿಂಚಣಿಗೋ ಈಗ ಬೇಕಾಗಿದೆ. ಎಲ್ಲಿಂದ ಶುರು ಮಾಡುವುದು?

ಮೊದಲು ಕೌಂಟಿ ಯಾವುದು ಅಂತ ಪತ್ತೆ ಹಚ್ಚಬೇಕು. ಕ್ಯಾಲಿಫೋರ್ನಿಯಾದ ಮದುವೆಗಳಿಗೆ 1960ರಿಂದ 1985ರವರೆಗಿನ ಒಂದು ಸೂಚಿ ಇದೆ. ಫ್ಯಾಮಿಲಿಸರ್ಚ್ ಅನ್ನುವ ತಾಣದಲ್ಲಿ ಉಚಿತ ಖಾತೆ ತೆರೆದು ಹುಡುಕಬಹುದು. ಅದರಲ್ಲಿ ಸಿಗುವುದು ಬರೀ ಹೆಸರು, ವಯಸ್ಸು, ದಿನಾಂಕ, ಕೌಂಟಿ. ಅಷ್ಟು ಸಿಕ್ಕರೆ ಸಾಕು, ಅದನ್ನು ಹಿಡಿದು ಆ ಕೌಂಟಿಯ ರೆಕಾರ್ಡರ್‌ಗೆ ಅರ್ಜಿ ಹಾಕಿ. ಸೂಚಿಯ ಸ್ಕ್ರೀನ್‌ಶಾಟನ್ನೇ ದಾಖಲೆ ಅಂತ ಯಾರಿಗೂ ತೋರಿಸಲು ಹೋಗಬೇಡಿ.

ಹುಡುಕುವಾಗ ಸ್ಪೆಲ್ಲಿಂಗ್ ಬದಲಿಸುತ್ತಾ ಹೋಗಿ. ಗೌಡ ಅನ್ನುವುದನ್ನು ಇಂಗ್ಲಿಷಿನಲ್ಲಿ ನಾವೇ ಮೂರು ಥರ ಬರೆಯುತ್ತೇವೆ. ಕೃಷ್ಣಮೂರ್ತಿ ಎಂಬ ಒಂದೇ ಹೆಸರು ಕೃಷ್ಣ ಮತ್ತು ಮೂರ್ತಿ ಎಂದು ಒಡೆದು, ಮೂರ್ತಿ ಕೊನೆಯ ಹೆಸರಾಗಿ ಕೂತಿರುತ್ತದೆ. ಇನಿಶಿಯಲ್‌ನಲ್ಲಿದ್ದ ಊರಿನ ಹೆಸರೇ ಕೊನೆಯ ಹೆಸರಾಗಿರಬಹುದು. ಎಲ್ಲೂ ಸಿಗದಿದ್ದರೆ ದೊಡ್ಡಮ್ಮನ ತವರಿನ ಹೆಸರಿನಲ್ಲಿ ಹುಡುಕಿ.

ಈ ಉಪಾಯ ಹಳೆಯ ಸಂಶೋಧಕರು ಕಲಿಸಿಕೊಟ್ಟದ್ದು. 20ನೇ ಶತಮಾನದ ಆರಂಭದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಗೆ ಬಂದ ಪಂಜಾಬಿ ರೈತರಿಗೆ ಊರಿನಿಂದ ಹೆಣ್ಣು ತರಲು ವಲಸೆ ಕಾನೂನು ಬಿಡಲಿಲ್ಲ. ಅನೇಕರು ಮೆಕ್ಸಿಕನ್ ಹೆಣ್ಣುಮಕ್ಕಳನ್ನು ಮದುವೆಯಾದರು. ಗಂಡಸರು ಸಾಲುಸಾಲಾಗಿ ಸಿಂಗ್‌ಗಳೇ, ಯಾರು ಯಾರೆಂದು ಹೇಳುವುದು ಕಷ್ಟ. ಹೆಂಡತಿಯ ಹೆಸರು ಹಿಡಿದು ಹುಡುಕಿದರೆ ಜಾಡು ಸಿಗುತ್ತದೆ. ಬೇರೆ ಬೇರೆ ಬಣ್ಣದವರ ನಡುವಿನ ಮದುವೆಗೆ ಆಗ ಕ್ಯಾಲಿಫೋರ್ನಿಯಾದಲ್ಲಿ ನಿಷೇಧವಿತ್ತು. ಕೌಂಟರಿನಲ್ಲಿದ್ದ ಕ್ಲರ್ಕ್ ಇಬ್ಬರನ್ನೂ ನೋಡಿ ಇಬ್ಬರೂ ಕಂದು ಬಣ್ಣ ಅಂದರೆ ಲೈಸೆನ್ಸ್ ಸಿಗುತ್ತಿತ್ತು. ಒಬ್ಬ ನೌಕರನ ಕಣ್ಣಿನ ಅಂದಾಜಿನ ಮೇಲೆ ಸಂಸಾರ ನಿಂತಿತ್ತು. ಆ ಕಾನೂನು ಬಿದ್ದದ್ದೂ ಒಂದು ಲೈಸೆನ್ಸ್ ಅರ್ಜಿಯಿಂದಲೇ. ಆಂಡ್ರಿಯಾ ಪೆರೆಜ್ ಮತ್ತು ಸಿಲ್ವೆಸ್ಟರ್ ಡೇವಿಸ್ ಎಂಬ ಬೇರೆ ಬೇರೆ ಬಣ್ಣದ ಜೋಡಿಗೆ ಲಾಸ್ ಏಂಜಲಿಸ್ ಕೌಂಟಿ ಲೈಸೆನ್ಸ್ ನಿರಾಕರಿಸಿತು. 1948ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ 4-3 ಮತದಿಂದ ಅವರ ಪರ ತೀರ್ಪು ಕೊಟ್ಟಿತು.

ಇನ್ನೂ ಹಿಂದಕ್ಕೆ ಹೋಗುವವರಿಗೆ ಎರಡು ಮಾತು. ಕ್ಯಾಲಿಫೋರ್ನಿಯಾದಲ್ಲಿ ರಾಜ್ಯಮಟ್ಟದ ನೋಂದಣಿ ಶುರುವಾದದ್ದು 1905ರ ಜುಲೈನಲ್ಲಿ. ಅದಕ್ಕೂ ಹಿಂದಿನದಕ್ಕೆ ಕೌಂಟಿ ಪುಸ್ತಕವೇ ಗತಿ. ಸ್ಯಾನ್ ಫ್ರಾನ್ಸಿಸ್ಕೊದಲ್ಲಂತೂ 1906ರ ಏಪ್ರಿಲ್‌ನ ಭೂಕಂಪ ಮತ್ತು ಬೆಂಕಿಯಲ್ಲಿ ಹಳೆಯ ಪುಸ್ತಕಗಳು ಬಹುತೇಕ ಸುಟ್ಟುಹೋದವು. ಆಗಿನ ಪತ್ರಿಕೆಗಳು ಲೈಸೆನ್ಸ್ ಪಡೆದವರ ಪಟ್ಟಿಯನ್ನು ಅಚ್ಚು ಹಾಕುತ್ತಿದ್ದವು. ಅವನ್ನು ಕ್ಯಾಲಿಫೋರ್ನಿಯಾ ಡಿಜಿಟಲ್ ನ್ಯೂಸ್‌ಪೇಪರ್ ಕಲೆಕ್ಷನ್‌ನಲ್ಲಿ ಉಚಿತವಾಗಿ ಓದಬಹುದು.

ಕೌಂಟಿಗೆ ಬರೆಯುವಾಗ ಗೊತ್ತಿರುವ ಎಲ್ಲಾ ಸ್ಪೆಲ್ಲಿಂಗ್‌ಗಳನ್ನೂ, ಅಂದಾಜು ವರ್ಷಗಳನ್ನೂ ಹಾಕಿ. ಹುಡುಕಿ ಸಿಗದಿದ್ದರೂ ಹಣ ವಾಪಸ್ ಬರುವುದಿಲ್ಲ, ಬದಲಿಗೆ ದಾಖಲೆ ಸಿಗಲಿಲ್ಲ ಅನ್ನುವ ಒಂದು ಸರ್ಟಿಫಿಕೇಟ್ ಬರುತ್ತದೆ. ಅದನ್ನು ಬೇಸರದಲ್ಲಿ ಹರಿದು ಹಾಕಬೇಡಿ. ಮದುವೆಯನ್ನು ಬೇರೆ ದಾಖಲೆಗಳಿಂದ ಸಾಬೀತು ಮಾಡಲು ಹೊರಟಾಗ ಇಮಿಗ್ರೇಷನ್‌ನವರು ಮೊದಲು ಕೇಳುವ ಕಾಗದವೇ ಅದು.